ಎಡಕ್ಕೊಂದು ಗೆರೆ, ಬಲಕ್ಕೊಂದು ಗೆರೆ

ನಾನು ಡಾಕ್ಟರಲ್ಲ. ಈ ಮಾತನ್ನು ಶಿಡ್ಲಘಟ್ಟದಿಂದ ಗೌರಿಬಿದನೂರಿನವರೆಗೆ, ಕೆಲಸಕ್ಕೆ ಹಾಕಿದ ಊರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ಯಾರೂ ನಂಬಿಲ್ಲ. ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಕೆಲಸ ಮಾಡುವವಳು ನಾನು. ಅವರು ಸೂಜಿ ಚುಚ್ಚುವಾಗ ಹಸುವಿನ ಮೂಗು ಹಿಡಿಯುವುದು, ಬಾಟಲಿ ಎತ್ತಿಕೊಂಡು ನಿಲ್ಲುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಯಾರಿಗೂ ಕೈಹಾಕಲು ಇಷ್ಟವಿಲ್ಲದ ಜಾಗದಲ್ಲಿ ಥರ್ಮಾಮೀಟರ್ ಇಡುವುದು, ಡಾಕ್ಟರು ಬೈಕು ಹತ್ತಿ ಹೋದಮೇಲೆ ಉಳಿದದ್ದನ್ನೆಲ್ಲ ಮಾಡುವುದು. ಉಳಿದದ್ದು ಅಂದರೆ ಆರೈಕೆ. ಮನುಷ್ಯರ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡುವವರಿಗೆ ನರ್ಸ್ ಅಂತ ಹೆಸರಿದೆ, ಬಿಳಿ ಬಟ್ಟೆ ಇದೆ, ವರ್ಷಕ್ಕೊಮ್ಮೆ ಒಂದು ದಿನಾಚರಣೆಯೂ ಇದೆ. ನನಗೆ ಇರುವುದು ಒಂದು ಜೊತೆ ಗಮ್‌ಬೂಟು. ಅದರಲ್ಲೂ ಎಡಗಾಲಿನದು ಸೋರುತ್ತದೆ.

ಆರೈಕೆಯನ್ನು ಚಿಕಿತ್ಸೆ ಅಂತ ಒಪ್ಪುವವರು ನಮ್ಮ ಕಡೆ ಕಡಿಮೆ. ಮಂಚೇನಹಳ್ಳಿಯಲ್ಲಿದ್ದಾಗ ಒಬ್ಬ ಯಜಮಾನರು ಎಮ್ಮೆಗೆ ಹೊಟ್ಟೆ ಉಬ್ಬರಿಸಿದೆ ಅಂತ ಕರೆದಿದ್ದರು. ನಾನು ಅದರ ಬಾಯಿಗೆ ಅಡ್ಡ ಕೋಲು ಕಟ್ಟಿ, ಹೊಟ್ಟೆ ತಿಕ್ಕಿ, ಹಿತ್ತಲಲ್ಲಿ ಅತ್ತಿಂದಿತ್ತ ನಡೆಸಿ, ಮುಕ್ಕಾಲು ಗಂಟೆ ಒದ್ದಾಡಿದೆ. ಎಮ್ಮೆ ಇಡೀ ಕೇರಿಗೆ ಕೇಳುವಂತೆ ತೇಗಿತು. ಹೊಟ್ಟೆ ಇಳಿಯಿತು. ಯಜಮಾನರು ಇಷ್ಟನ್ನೂ ಜಗಲಿಯ ಮೇಲೆ ಕೂತು ನೋಡಿ, "ಅದೆಲ್ಲಾ ಸರಿ ಮೇಡಮ್ಮ, ಟ್ರೀಟ್‌ಮೆಂಟ್ ಯಾವಾಗ ಶುರು ಮಾಡ್ತೀರ?" ಎಂದರು. ನಾನು ಸುಮ್ಮನೆ ಒಂದು ವಿಟಮಿನ್ ಸೂಜಿ ಹಾಕಿದೆ. ಆ ಸೂಜಿಯ ಪವರ್ ಬಗ್ಗೆ ಅವರು ಊರೆಲ್ಲ ಹೊಗಳಿದರಂತೆ. ಅವತ್ತಿನಿಂದ ನನಗೆ ಈ ಜನರ ಮೇಲೆ ಒಂದು ಸಣ್ಣ ಸಿಟ್ಟು, ಜೊತೆಗೆ ನನ್ನ ತಿಳಿವಳಿಕೆಯ ಮೇಲೆ ಒಂದು ದೊಡ್ಡ ಅಭಿಮಾನ, ಎರಡೂ ಬೆಳೆದುಬಿಟ್ಟವು. ಈಗ ಹೇಳಹೊರಟಿರುವುದು ಆ ಎರಡನೆಯದಕ್ಕೆ ಬಿದ್ದ ಪೆಟ್ಟಿನ ವಿಷಯ.

ದಿಬ್ಬೂರಹಳ್ಳಿ ಕಡೆಯ ಒಂದು ಹಳ್ಳಿ. ತೋಟದ ನಡುವೆ ಮನೆ, ಮನೆಗೆ ಅಂಟಿಕೊಂಡು ಹುಳುಮನೆ, ಹುಳುಮನೆಗೆ ಅಂಟಿಕೊಂಡು ಕೊಟ್ಟಿಗೆ. ಹುಳುಮನೆ ಅಂದರೆ ರೇಷ್ಮೆಹುಳ ಸಾಕುವ ಮನೆ. ಅದಕ್ಕೂ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ. ಮನೆಯಲ್ಲಿ ಮೂರು ಜನ: ಅಜ್ಜಿ, ಅಜ್ಜಿಯ ಮಗ, ಸೊಸೆ. ಹುಳುಮನೆ ಅಜ್ಜಿಯದು. ಕೊಟ್ಟಿಗೆ ಸೊಸೆಯದು. ಮಗನದು ಮೊಬೈಲು.

ಕೊಟ್ಟಿಗೆಯಲ್ಲಿದ್ದದ್ದು ಒಂದೇ ಹಸು, ಕಪ್ಪು ಬಿಳುಪಿನ ಸೀಮೆ ಹಸು. ಮುರುಗಮಲ್ಲದ ಹತ್ತಿರದ ತವರಿನಿಂದ ಸೊಸೆ ಅದನ್ನು ಕರುವಾಗಿದ್ದಾಗಲೇ ಹೊಡೆದುಕೊಂಡು ಬಂದಿದ್ದಳು. ತವರಿನಲ್ಲಿ ಅವರು ಆಡುವುದು ತೆಲುಗು. ಹಾಗಾಗಿ ಹಸುವಿಗೂ ತೆಲುಗೇ. ಮಗ ಕನ್ನಡದಲ್ಲಿ ಎಷ್ಟು ಗದರಿದರೂ ಕದಲದ ಪ್ರಾಣಿ, ಅವಳು ಮೆಲ್ಲಗೆ "ರಾಮ್ಮಾ" ಅಂತ ತೆಲುಗಿನಲ್ಲಿ ಬಾ ಅಂದರೆ ಹಿಂದೆಯೇ ಬರುತ್ತಿತ್ತು. ಮದುವೆಯಾಗಿ ಆರು ವರ್ಷವಾದರೂ ಅವಳಿಗೆ ಆ ಮನೆಯಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ. ಇದನ್ನು ಅವಳೇ ನನಗೆ ಹೇಳಿದ್ದು, ಊರಿನ ಕರುಗಳಿಗೆ ಲಸಿಕೆ ಹಾಕಲು ಹೋಗಿದ್ದಾಗ.

ಇನ್ನು ನನ್ನ ವಿಷಯ. ಆ ಊರಿಗೆ ನಾನು ಹೊಸಬಳೇನಲ್ಲ. ನನ್ನ ಅಜ್ಜಿ ಆ ಸುತ್ತಿನ ಅಂಥವೇ ಜಮೀನಿನ ಮನೆಗಳಲ್ಲಿ ಸಗಣಿ ಬಾಚುತ್ತಿದ್ದವಳು. ಅವಳಿಗೆ ಕೊಟ್ಟಿಗೆಯ ತನಕ ಮಾತ್ರ ಪ್ರವೇಶ. ನನ್ನಪ್ಪ ಓದಿ ಮೇಷ್ಟರಾದರು, ಮನೆಯ ಗೋಡೆಗೆ ಬುದ್ಧನ ಪಟ ತಂದು ಹಾಕಿದರು, ನನ್ನನ್ನು ಓದಿಸಿದರು. ಹೀಗೆ ಮೂರು ತಲೆಮಾರು ಕಷ್ಟಪಟ್ಟು ಮೇಲೆ ಬಂದು, ಸರ್ಕಾರದ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ನಾನು ಬಂದು ನಿಂತದ್ದು ಎಲ್ಲಿ? ಅದೇ ಕೊಟ್ಟಿಗೆಯಲ್ಲಿ. ನೆನೆಸಿಕೊಂಡರೆ ನಗು ಬರುತ್ತದೆ. ಕೆಲವು ದಿನ ಬರುವುದಿಲ್ಲ.

ಹುಳುಮನೆಯ ಅಜ್ಜಿ ನನ್ನನ್ನು ಯಾವತ್ತೂ ಅಗೌರವದಿಂದ ಮಾತಾಡಿಸಿದ್ದಿಲ್ಲ. "ಬನ್ನಿ ಮೇಡಮ್ಮ" ಅನ್ನುತ್ತಿದ್ದಳು. ಆದರೆ ಹುಳುಮನೆಯ ಬಾಗಿಲ ಹತ್ತಿರ ಹೋದರೆ ಸಾಕು, "ಅಲ್ಲೇ ನಿಲ್ಲಿ, ಹೊರಗಿನೋರು ಒಳಗೆ ಬರಂಗಿಲ್ಲ" ಅನ್ನುವ ಕೂಗು ಬರುತ್ತಿತ್ತು. ಹುಳ ಸಾಕುವ ಮನೆಗಳಲ್ಲಿ ಇದು ಇದ್ದೇ ಇರುವ ನಿಯಮ. ಹೊರಗಿನವರ ಕಾಲಿನ ಧೂಳಿನಲ್ಲಿ ಹುಳಕ್ಕೆ ರೋಗ ಬರುತ್ತದೆ, ಔಷಧಿಯ, ಸೆಂಟಿನ ವಾಸನೆ ಆಗುವುದಿಲ್ಲ. ನನಗೆ ಇದೆಲ್ಲ ಗೊತ್ತು. ಗೊತ್ತಿದ್ದೂ, ಆ ಮಾತು ಕೇಳಿದಾಗಲೆಲ್ಲ ನಾನು ಬೇಕೆಂದೇ ಎರಡು ಹೆಜ್ಜೆ ಹೆಚ್ಚಾಗಿ ಹಿಂದೆ ಸರಿಯುತ್ತಿದ್ದೆ. ಇದು ಹುಳದ ನಿಯಮವೋ ಹಳೆಯ ನಿಯಮವೋ ಅಂತ ಕೇಳುವ ಹಾಗಿಲ್ಲವಲ್ಲ.

ಹಸು ಮೂರನೆಯ ಕರು ಹಾಕಿದ ಮಾರನೆಯ ದಿನ ಬೆಳಗ್ಗೆ ಸೊಸೆ ಫೋನ್ ಮಾಡಿದಳು. "ಮೇಡಂ, ಎದ್ದೇಳ್ತಾನೇ ಇಲ್ಲ. ಕಿವಿ ತಣ್ಣಗಾಗೋಗಿದೆ. ಬೇಗ ಬನ್ನಿ ಮೇಡಂ."

ಹೋಗಿ ನೋಡಿದರೆ ಹಸು ಕತ್ತನ್ನು ಪಕ್ಕೆಗೆ ಮಡಚಿಕೊಂಡು ಕಲ್ಲುಚಪ್ಪಡಿಯ ಮೇಲೆ ಕೂತಿತ್ತು. ಮೂತಿ ಒಣಗಿತ್ತು. ಕಣ್ಣಿದ್ದರೂ ನೋಟವಿರಲಿಲ್ಲ. ಹಾಲು ಹೆಚ್ಚು ಕೊಡುವ ಹಸುಗಳಿಗೆ ಕರು ಹಾಕಿದ ಒಂದೆರಡು ದಿನದಲ್ಲಿ ಹೀಗಾಗುವುದುಂಟು. ಮೈಯಲ್ಲಿರುವ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಇಳಿದುಹೋಗಿ ಕಾಲಲ್ಲಿ ಬಲವಿರುವುದಿಲ್ಲ. ಡಾಕ್ಟರು ಮೂರು ಆಸ್ಪತ್ರೆಗಳ ಉಸ್ತುವಾರಿ ಹೊತ್ತವರು, ಆದರೂ ಹೊತ್ತು ನೆತ್ತಿಗೇರುವುದರೊಳಗೆ ಬಂದರು. ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ಏರಿಸಿದರು. ನಾನು ಬಾಟಲಿ ಎತ್ತಿಕೊಂಡು ನಿಂತೆ. ಹಸು ಕಿವಿ ಆಡಿಸಿತು, ಸಗಣಿ ಹಾಕಿತು, ಕತ್ತು ಎತ್ತಿತು. ಏಳಲಿಲ್ಲ.

"ತುಂಬಾ ಹೊತ್ತಿಂದ ಒಂದೇ ಮಗ್ಗುಲಲ್ಲಿದೆ ಅನ್ಸುತ್ತೆ. ನರ್ಸಿಂಗ್ ಹೇಳಿಬಿಡಿ," ಎಂದು ಡಾಕ್ಟರು ನನಗೆ ಹೇಳಿ ಚಿಂತಾಮಣಿ ರಸ್ತೆ ಹಿಡಿದರು.

ನಾನು ಹೇಳಿದೆ. ಎಂಥಾ ಚೆನ್ನಾಗಿ ಹೇಳಿದೆ! ಅಷ್ಟು ದೊಡ್ಡ ಪ್ರಾಣಿ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಕೆಳಗಿನ ಕಾಲು ಅದರ ಭಾರಕ್ಕೇ ಜಜ್ಜಿಹೋಗುತ್ತದೆ, ಆಮೇಲೆ ಎಷ್ಟು ಬಾಟಲಿ ಏರಿಸಿದರೂ ಏಳುವುದಿಲ್ಲ, ಆದ್ದರಿಂದ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೆಳಗೆ ದಪ್ಪಗೆ ಹುಲ್ಲು ಹಾಸಬೇಕು. ಎರಡೂ ಪಕ್ಕಕ್ಕೆ ಮೂಟೆ ಒತ್ತರಿಸಿ ಎದೆಯ ಮೇಲೆ ಕೂತಿರುವ ಹಾಗೆ ನೋಡಿಕೊಳ್ಳಬೇಕು. ಬಾಯಿಗೆ ಎಟುಕುವ ಹಾಗೆ ನೀರು, ಮೇವು ಇಡಬೇಕು. ಕೆಚ್ಚಲನ್ನು ಪೂರ್ತಿ ಹಿಂಡಬಾರದು. ಕಾಲು ತಿಕ್ಕಬೇಕು. ಕೊನೆಗೆ, ಎಲ್ಲ ಡಾಕ್ಟರುಗಳ ಹಾಗೆ ನಾನೂ, "ಒಟ್ನಲ್ಲಿ ಚೆನ್ನಾಗಿ ರೆಸ್ಟ್ ಆಗ್ಬೇಕು" ಅಂತ ಒಂದು ಮಾತು ಸೇರಿಸಿದೆ. ಅದೇ ನಾನು ಡಾಕ್ಟರ ಥರ ಆಡಿದ ಮೊದಲ ಮಾತು, ಅದೇ ಕೆಲಸ ಕೆಡಿಸಿದ್ದು.

ಕೆಲಸ ಕೆಡಿಸಿದ್ದು ಇನ್ನೊಂದೂ ಇತ್ತು. ಇಷ್ಟೆಲ್ಲವನ್ನೂ ನಾನು ಹೇಳಿದ್ದು ಮಗನಿಗೆ. ಆಸ್ಪತ್ರೆಯ ಪುಸ್ತಕದಲ್ಲಿ ಯಜಮಾನರ ಹೆಸರು ಅಂತ ಒಂದು ಕಾಲಂ ಇದೆ. ಅದರಲ್ಲಿ ಅವನ ಹೆಸರಿತ್ತು. ಹಸುವಿನ ಹಾಲು ಕರೆಯುವವಳು, ಸಗಣಿ ಎತ್ತುವವಳು, ಅದರ ಜೊತೆ ತೆಲುಗು ಮಾತಾಡುವವಳು ಕೊಟ್ಟಿಗೆಯ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಕರುವಿಗೆ ಗಿಣ್ಣುಹಾಲು ಕುಡಿಸುತ್ತಾ ಕೂತಿದ್ದಳು. ನಾನು ಅವಳನ್ನು ಕರೆಯಲಿಲ್ಲ. ಹೆಂಗಸರು ಓದಬೇಕು, ಮುಂದೆ ಬರಬೇಕು ಅಂತ ಮನೆಯಲ್ಲಿ ಭಾಷಣ ಮಾಡುವವಳು, ಕೊಟ್ಟಿಗೆಯಲ್ಲಿ ಪ್ಯಾಂಟು ಹಾಕಿದವನನ್ನೇ ಹುಡುಕಿಕೊಂಡು ಹೋಗಿ ಪಾಠ ಮಾಡಿದೆ. ಅವನು ಪ್ರತಿಯೊಂದಕ್ಕೂ "ಹೂಂ ಮೇಡಂ, ಹೂಂ ಮೇಡಂ" ಅಂದ. ಎರಡು ಸಲ ಮೊಬೈಲು ನೋಡಿದ. ನಾನು ಹೊರಟಮೇಲೆ ಮನೆಯವರಿಗೆ ಅವನು ದಾಟಿಸಿದ ಸುದ್ದಿ ಇಷ್ಟು: "ರೆಸ್ಟ್ ಬೇಕಂತೆ."

ಮಾರನೆಯ ದಿನ ಬೆಳಗ್ಗೆ ಹೋದಾಗ ಕೊಟ್ಟಿಗೆಯ ಬಾಗಿಲಲ್ಲಿ ಅಜ್ಜಿಯೇ ನಿಂತಿದ್ದಳು. ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಬನ್ನಿ ಮೇಡಮ್ಮ. ಒಂಚೂರೂ ಅಲ್ಲಾಡಿಸಿಲ್ಲ," ಎಂದಳು.

ಒಳಗೆ ನೋಡಿದೆ. ಕಿಟಕಿ ತೆಗೆದಿದ್ದರು, ಒಳ್ಳೆಯ ಗಾಳಿ ಆಡುತ್ತಿತ್ತು. ನೆಲದ ಮೇಲೆ ಒಂದು ಹನಿ ತೇವವಿಲ್ಲ. ಹಸುವಿನ ಸುತ್ತ ರಂಗೋಲಿ ಬಿಟ್ಟಷ್ಟು ಅಚ್ಚುಕಟ್ಟಾಗಿ ಸುಣ್ಣದ ಪುಡಿ ಉದುರಿಸಿದ್ದರು. ನೀರಿನ ಬಕೆಟ್ಟು ಹೊರಗಿತ್ತು. ಮೇವು ಹೊರಗಿತ್ತು. ಹಸು ನಿನ್ನೆ ನಾನು ಬಿಟ್ಟುಹೋದ ಅದೇ ಮಗ್ಗುಲಲ್ಲಿ, ಅದೇ ಕಲ್ಲಿನ ಮೇಲೆ, ಕೂದಲೆಳೆಯಷ್ಟೂ ಕದಲದೆ ಇತ್ತು. ಯಾರೂ ಗಲಾಟೆ ಮಾಡದ ಹಾಗೆ ಅತ್ತೆ ಸೊಸೆ ಸರದಿಯ ಮೇಲೆ ಕಾವಲು ಕೂತಿದ್ದರಂತೆ.

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಸುಮ್ಮನೆ ಕೂತುಬಿಡುತ್ತದೆ. ಆ ಹೊತ್ತಿನಲ್ಲಿ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಗಾಳಿ ಆಡಬೇಕು, ಸುಣ್ಣ ಉದುರಿಸಿ ಒಣಗಿಸಿಡಬೇಕು. ಒಂದು ದಿನ ಕಳೆದರೆ ತಾನಾಗಿಯೇ ಏಳುತ್ತದೆ. ಅಜ್ಜಿ ಮದುವೆಯಾಗಿ ಬಂದಂದಿನಿಂದ ಮಾಡಿಕೊಂಡು ಬಂದದ್ದು ಇದನ್ನೇ. ಎದುರಿಗೆ ಒಂದು ಜೀವ ತಿನ್ನದೆ ಸುಮ್ಮನೆ ಕೂತಿದೆ, ಜೊತೆಗೆ ಮಗ ಬಂದು ರೆಸ್ಟ್ ಬೇಕು ಅಂದಿದ್ದಾನೆ. ಅವಳು ತನಗೆ ಗೊತ್ತಿದ್ದ ಅತ್ಯುತ್ತಮ ಆರೈಕೆಯನ್ನು, ಒಂದು ಲೋಪವಿಲ್ಲದ ಹಾಗೆ, ಐದು ಕ್ವಿಂಟಾಲು ತೂಗುವ ಹಸುವಿಗೆ ಮಾಡಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ಏನಜ್ಜಿ ಇದು? ಇದೇನು ಹುಳ ಅಂದ್ಕೊಂಡ್ರಾ? ಕಾಲು ಸತ್ತೋಗುತ್ತೆ ಅಂತ ಬಾಯಿ ಬಡ್ಕೊಂಡು ಹೇಳಿ ಹೋಗಿಲ್ವಾ ನಾನು?"

"ನಮ್ಗೆ ಯಾರಿಗೆ ಹೇಳಿದ್ರಿ?" ಎಂದಳು ಅಜ್ಜಿ.

ಅವಳು ಜಗಳಕ್ಕೆ ಕೇಳಿದ್ದಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದು.

ಮಗನನ್ನೂ ಸೊಸೆಯನ್ನೂ ಕರೆದೆ, ಮೂವರೂ ಸೇರಿ ಹಸುವನ್ನು ಹೊರಳಿಸಿದೆವು. ಕೆಳಗಿದ್ದ ಹಿಂಗಾಲು ಊದಿ ಗಟ್ಟಿಯಾಗಿತ್ತು. ಮುಟ್ಟಿದರೆ ಎಳೆದುಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಡಾಕ್ಟರು ಮತ್ತೆ ಬಂದು ಇನ್ನೊಂದು ಬಾಟಲಿ ಏರಿಸಿ, ಕಾಲು ಒತ್ತಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. "ಇನ್ನು ಬಾಟ್ಲಲ್ಲಿ ಏನಿಲ್ಲಮ್ಮ. ಎರಡು ದಿನ ನೋಡಣ. ನಾಡಿದ್ದು ಸಾಯಂಕಾಲದೊಳಗೆ ಏಳ್ಲಿಲ್ಲ ಅಂದ್ರೆ ಆಸೆ ಇಟ್ಕೋಬೇಡಿ ಅಂತ ಹೇಳಿಬಿಡಿ."

ಈ ಸಲ ನಾನು ಸೊಸೆಗೇ ಹೇಳಿದೆ. ಅವಳು ಅಳಲಿಲ್ಲ. ಹಸುವಿನ ಕೊಂಬಿನ ಬುಡ ತುರಿಸುತ್ತಾ, "ನಾನೇ ಹಿಡ್ಕೊಂಡು ಬಂದಿದ್ದು ಮೇಡಂ. ನಮ್ಮನೇಲಿ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ," ಎಂದಳು. ಮಗ ಬಾಗಿಲಲ್ಲಿ ನಿಂತು, "ಏಳ್ದೆ ಇದ್ರೆ ನಾಡಿದ್ದು ಟೆಂಪೋ ಕರೆಸಿ ಕಳಿಸ್ಬಿಡಣ," ಎಂದ. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ತಪ್ಪು ನನ್ನದು, ಟೆಂಪೋ ಹತ್ತುವುದು ಅವಳ ಹಸು. ಅವತ್ತು ಮನೆಗೆ ಹೋದರೆ ಊಟ ಸೇರುವುದಿಲ್ಲ ಅಂತ ನನಗೆ ಅಲ್ಲೇ ಗೊತ್ತಾಯಿತು.

ನಾನು ಹುಳುಮನೆಯ ಬಾಗಿಲಿಗೆ ಹೋದೆ. ನಿಯಮದ ಪ್ರಕಾರ ಹೊರಗೇ ನಿಂತೆ. ಅಜ್ಜಿ ಒಳಗೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಕಡೆಯ ಹಂತದ ಹುಳ, ಬೆರಳು ಗಾತ್ರ ಬೆಳೆದಿದ್ದವು. ಅವು ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಹನಿದ ಹಾಗೆ ಕೇಳುತ್ತಿತ್ತು. ಬಾಗಿಲ ಬಳಿ ಕೈಕಾಲು ತೊಳೆಯಲು ಬ್ಲೀಚಿಂಗ್ ಪೌಡರ್ ನೀರಿನ ತೊಟ್ಟಿ. ಗೋಡೆಯ ಮೇಲೆ ಥರ್ಮಾಮೀಟರ್. ಹೊತ್ತು ಹೊತ್ತಿಗೆ ಸೊಪ್ಪು, ದಿನಕ್ಕೊಂದು ಸಲ ಹಾಸಿಗೆ ಚೊಕ್ಕಟ, ಸೊರಗಿದ ಹುಳ ಕಂಡರೆ ತಕ್ಷಣ ಬೇರೆ. ನಾನು ವರ್ಷಗಟ್ಟಲೆ ಊರೂರಲ್ಲಿ ಗಂಟಲು ಹರಿದುಕೊಂಡು ಕಲಿಸಲು ಹೊರಟಿದ್ದ ಅಷ್ಟೂ ವಿದ್ಯೆ ಆ ಬಾಗಿಲ ಆಚೆ ನಡೆಯುತ್ತಿತ್ತು. ಈ ತಾಲ್ಲೂಕಿನಲ್ಲಿ ನನಗಿಂತ ಒಳ್ಳೆಯ ನರ್ಸು ಇದ್ದಾಳೆ, ಅವಳಿಗೆ ಲಕ್ಷಗಟ್ಟಲೆ ರೋಗಿಗಳು ಅಂತ ನನಗೆ ಅವತ್ತು ಹೊಳೆಯಿತು. ನಾಚಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

"ಅಜ್ಜಿ," ಎಂದೆ. "ಹಸು ಪೊರೆ ಬಿಡೋಕೆ ಕೂತಿರೋ ಹುಳ ಅಲ್ಲ. ಈಗ ನಿಮ್ಮ ಮುಂದೆ ಇರೋ ಹುಳ ಇದೆಯಲ್ಲ, ಹಂಗೆ ನೋಡ್ಕೊಳ್ಳಿ. ಹೊತ್ತು ಹೊತ್ತಿಗೆ ತಿನ್ನಿಸ್ಬೇಕು, ಹಾಸಿಗೆ ಬದಲಾಯಿಸ್ತಾ ಇರ್ಬೇಕು. ಹುಳಕ್ಕೆ ಸೊಪ್ಪು ಹಾಕ್ದಾಗಲೆಲ್ಲ ಹಸೂನ ಹೊರಳಿಸಿ. ಮಧ್ಯದಲ್ಲೂ ಒಂದೊಂದು ಸಲ."

ಅಜ್ಜಿ ಸೊಪ್ಪು ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಇದನ್ನ ಮೊದ್ಲೇ ಹೇಳಕ್ಕೇನಾಗಿತ್ತು ನಿಮಗೆ?" ಎಂದಳು.

ಆಮೇಲೆ ನಾನು ಹೇಳಬೇಕಾದದ್ದು ಏನೂ ಉಳಿಯಲಿಲ್ಲ. ಹುಳ ತಿಂದು ಬಿಟ್ಟ ಒಣ ಹಿಪ್ಪುನೇರಳೆ ಕಡ್ಡಿಯನ್ನು ಅಡಿಗೆ ಹರಡಿಸಿ, ಮೇಲೆ ಮೊಣಕಾಲುದ್ದ ಹುಲ್ಲು ಹಾಸಿಸಿದಳು. ರಾಗಿ ಹೊಟ್ಟು ತುಂಬಿದ ಮೂಟೆಗಳನ್ನು ಪಕ್ಕೆಗೆ ಒತ್ತರಿಸಿದಳು. ಮಗನ ಕೈಯಿಂದ ಮೊಬೈಲು ಕಿತ್ತುಕೊಂಡು ಅವನನ್ನು ಹಸುವಿನ ಸೊಂಟದ ಹತ್ತಿರ ನಿಲ್ಲಿಸಿದಳು. ಬಿಸಿನೀರಿನಲ್ಲಿ ಅದ್ದಿದ ಗೋಣಿಯಿಂದ ಊದಿದ ಕಾಲಿಗೆ ಶಾಖ. ಪ್ರತಿ ಸಲ ಹೊರಳಿಸಿದಮೇಲೆ ಇದ್ದಿಲಿನಿಂದ ಗೋಡೆಯ ಮೇಲೆ ಒಂದು ಗೆರೆ. ಎಡ ಮಗ್ಗುಲಾದರೆ ಎಡಕ್ಕೆ ಓರೆ, ಬಲ ಮಗ್ಗುಲಾದರೆ ಬಲಕ್ಕೆ ಓರೆ. ಅವಳಿಗೆ ಓದು ಬರಹ ಬಾರದು. ಆದರೆ ಯಾವ ಆಸ್ಪತ್ರೆಯ ಪುಸ್ತಕವೂ ಅಷ್ಟು ಸುಳ್ಳಿಲ್ಲದ ಹಾಗೆ ಇರುವುದನ್ನು ನಾನು ಕಂಡಿಲ್ಲ. ನಮ್ಮದನ್ನಂತೂ ನಾನೇ ಬರೆಯುತ್ತೇನೆ.

ಮೂರನೆಯ ದಿನ ಗೋಡೆಯ ಮೇಲೆ ಒಂಬತ್ತು ಗೆರೆಗಳಿದ್ದವು. ಹಸು ಮೇವು ತಿನ್ನುತ್ತಿತ್ತು, ಬಕೆಟ್ಟುಗಟ್ಟಲೆ ನೀರು ಕುಡಿಯುತ್ತಿತ್ತು. ಕಾಲಿನ ಊತ ಒಂದಿಷ್ಟು ಇಳಿದಿತ್ತು. ಒಂದು ಸಲ ಮುಂಗಾಲು ಊರಿ ಹಿಂದುಗಡೆ ಎತ್ತಲು ನೋಡಿ ಧೊಪ್ಪನೆ ಕೂತಿತು. ಸೊಸೆ, "ಲೇಮ್ಮಾ, ಲೇ ತಲ್ಲಿ," ಅಂತ ಏಳಲು ಗೋಗರೆಯುತ್ತಿದ್ದಳು. ಅದು ಅವಳ ಮುಖ ನೋಡಿ ದೊಡ್ಡದಾಗಿ ಉಸಿರು ಬಿಟ್ಟಿತು. ಏಳಲಿಲ್ಲ.

ನಾಲ್ಕನೆಯ ದಿನ, ಅಂದರೆ ಡಾಕ್ಟರು ಹೇಳಿದ ಕಡೆಯ ದಿನ, ಬೆಳಗಾಗುವಷ್ಟರಲ್ಲಿ ಹುಳ ಹಣ್ಣಾಗಿದ್ದವು. ಹಣ್ಣಾಗುವುದೆಂದರೆ ಹುಳ ಸೊಪ್ಪು ಬಿಟ್ಟು, ಮೈ ತಿಳಿಹಳದಿಗೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಬಿದಿರಿನ ಸುರುಳಿ ಹೆಣೆದ ಆ ದೊಡ್ಡ ತಟ್ಟೆಗೆ, ಬಿಡಬೇಕು. ತಡವಾದರೆ ಹುಳ ಕಂಡಕಂಡಲ್ಲಿ ನೂಲು ಬಿಟ್ಟು ತಿಂಗಳ ದುಡಿಮೆ ಹಾಳು. ಸುತ್ತಮುತ್ತಲಿನ ಹೆಂಗಸರೆಲ್ಲ ಆರಿಸಲು ಬರುವುದು ವಾಡಿಕೆ. ಅವತ್ತು ಆ ಊರಿನಲ್ಲಿ ಇನ್ನೂ ಮೂರು ಮನೆಗಳಲ್ಲಿ ಹುಳ ಹಣ್ಣಾಗಿದ್ದರಿಂದ ಬಂದವರು ಇಬ್ಬರೇ. ಸೊಸೆ ಹೋಗಬೇಕಿತ್ತು. ಆದರೆ ಹಸು ಬಿಟ್ಟು ಅವಳು ಬಂದರೆ ಅದನ್ನು ಹೊರಳಿಸುವವರು ಯಾರು? ಹಸು ಮುಟ್ಟಿದ ಕೈಯಲ್ಲಿ ಹುಳ ಮುಟ್ಟುವ ಹಾಗಿಲ್ಲ, ಅತ್ತಿಂದಿತ್ತ ಓಡಾಡುವ ಹಾಗಿಲ್ಲ.

ನಾನು ಸ್ಕೂಟರ್ ನಿಲ್ಲಿಸುವುದಕ್ಕೂ ಅಜ್ಜಿ ಹುಳುಮನೆಯ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಎರಡು ಕೈಯೂ ಹುಳದ ನೂಲಿನಿಂದ ಅಂಟಂಟಾಗಿತ್ತು. ನನ್ನನ್ನು ತಲೆಯಿಂದ ಗಮ್‌ಬೂಟಿನವರೆಗೆ ನೋಡಿದಳು.

"ಮೇಡಮ್ಮ, ನಿಮ್ಗೆ ಹುಳ ಅಂದ್ರೆ ಅಸಹ್ಯವಾ?"

"ಇಲ್ಲಜ್ಜಿ."

"ಹಂಗಾದ್ರೆ ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಹುಯ್ಕೊಂಡು ಬಾ. ಆ ಔಷಧಿ ವಾಸ್ನೆ ಬಟ್ಟೆ ಬೇಡ. ಗೂಟದಲ್ಲಿ ನನ್ನ ಸೀರೆ ಐತೆ, ಉಟ್ಕೋ. ಬೇಗ್ ಬಾರಮ್ಮ."

ನಾನು ಅಲ್ಲಿಯೇ ನಿಂತೆ. ಅವಳಿಗೆ ನನ್ನ ಮನೆತನ ಗೊತ್ತಿತ್ತು. ನನ್ನಜ್ಜಿಯ ಹೆಸರೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳೋ, ಕೈ ಸಾಲದ ಗಡಿಬಿಡಿಯಲ್ಲಿ ಮರೆತು ಹೇಳಿದಳೋ ನನಗೆ ಇವತ್ತಿಗೂ ತಿಳಿಯದು. "ಏನ್ ನಿಂತ್ಕೊಂಡೆ? ಹುಳ ಕಾಯ್ತವಾ?" ಅಂತ ಗದರಿದಳು. ನಾನು ಓಡಿದೆ.

ಅವಳ ಸೀರೆ ನನಗೆ ಗಿಡ್ಡವಾಯಿತು. ಸೋಪಿನ, ಹಿಪ್ಪುನೇರಳೆ ಸೊಪ್ಪಿನ ವಾಸನೆ ಅದಕ್ಕೆ. ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ಅದ್ದಿ ಒಳಗೆ ಕಾಲಿಟ್ಟೆ. ನಮ್ಮ ಮನೆಯಿಂದ ಮೊದಲನೆಯವಳು ನಾನು, ಆದರೆ ಆ ಘನಕಾರ್ಯವನ್ನು ನೆನೆದು ರೋಮಾಂಚನಗೊಳ್ಳಲು ಅಜ್ಜಿ ಪುರುಸೊತ್ತು ಕೊಡಲಿಲ್ಲ.

"ಹಂಗೆ ಹಿಸುಕಬೇಡ. ಮಗೂನ ಎತ್ತೋ ಹಂಗೆ ಎತ್ತು. ಇದು ಹಣ್ಣಾಗಿಲ್ಲ, ನೋಡು, ಇನ್ನೂ ಹಸುರು. ಬಿಡು ಅದನ್ನ. ಅಯ್ಯೋ, ಒಂದ್ರ ಮೇಲೊಂದು ಸುರೀತಾಳಲ್ಲಪ್ಪ! ಜೋಡಿ ಗೂಡು ಕಟ್ತವೆ, ಯಾರು ಕೊಳ್ತಾರೆ ಅದನ್ನ? ಬಿಡಿಸಿ ಬಿಡಿಸಿ ಬಿಡು. ಯಾರಮ್ಮ ನಿನಗೆ ಕೆಲಸ ಕೊಟ್ಟೋರು?"

ಹಿಂದಿನ ವಾರವಷ್ಟೇ ಒಬ್ಬ ರೈತನಿಗೆ, ಕುರಿಯ ಗಾಯ ತೊಳೆಯಲು ಬಾರದೆ ಇದ್ದದ್ದಕ್ಕೆ, ನಾನು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬೈದಿದ್ದೆ. ಬೈಸಿಕೊಳ್ಳುವವರ ಕಡೆಯಿಂದ ಅದು ಹೇಗಿರುತ್ತದೆ ಅಂತ ತಿಳಿದದ್ದು ಅವತ್ತು. ಚೆನ್ನಾಗಿರುವುದಿಲ್ಲ.

ಗೋಡೆಯ ಆಚೆ ಕೊಟ್ಟಿಗೆ. ಹುಲ್ಲಿನ ಸರಸರ, ಮಗನ ಏದುಸಿರು, ಸೊಸೆಯ ಸಣ್ಣ ದನಿಯ ತೆಲುಗು, ಎಲ್ಲ ಕೇಳುತ್ತಿತ್ತು. ಕೈ ಹುಳದ ಮೇಲಿದ್ದರೂ ನನ್ನ ಕಿವಿ ಆ ಗೋಡೆಗೆ ಅಂಟಿತ್ತು. ಅಜ್ಜಿಯದೂ ಅಷ್ಟೇ. ಅವಳು ಬೈಯುವುದನ್ನು ನಡುನಡುವೆ ನಿಲ್ಲಿಸಿ ಸುಮ್ಮನಾಗುತ್ತಿದ್ದಳು. ಮಧ್ಯಾಹ್ನವಾಯಿತು. ಟೆಂಪೋದವನ ಫೋನ್ ಬಂದದ್ದೂ, ಮಗ, "ಸಾಯಂಕಾಲ ಹೇಳ್ತೀನಿ," ಎಂದದ್ದೂ ಕೇಳಿಸಿತು. ನಾನು ಕೈಯಲ್ಲಿದ್ದ ಹುಳವನ್ನು ಹಿಸುಕಿಬಿಟ್ಟೆ.

ಮೂರು ಗಂಟೆಯ ಸುಮಾರಿಗೆ ಗೋಡೆಯ ಆಚೆ ಏನೋ ಭಾರವಾದದ್ದು ಕಂಬಕ್ಕೆ ಬಡಿದ ಸದ್ದಾಯಿತು. ಗೊರಸು ನೆಲಕ್ಕೆ ಉಜ್ಜಿದ ಸದ್ದು. ಮಗ "ಹಿಡಿ, ಹಿಡಿ" ಅಂದ. ನಾವು ನಾಲ್ವರೂ ಹೆಂಗಸರು ಕೈಯಲ್ಲಿ ಹುಳ ಹಿಡಿದುಕೊಂಡು ನಿಂತುಬಿಟ್ಟೆವು.

"ಲೇಚಿಂದಿ!" ಅಂತ ಸೊಸೆ ಕಿರುಚಿದಳು. "ಅತ್ತಮ್ಮಾ, ಲೇಚಿಂದಿ! ಎದ್ಲು!"

ನಾನು ಬಾಗಿಲ ಕಡೆಗೆ ಹಾರಿದೆ. ನನ್ನ ರೋಗಿ ಅದು, ನಾಲ್ಕು ದಿನದಿಂದ ನನ್ನ ಅನ್ನ ನಿದ್ದೆ ತಿಂದದ್ದು, ನಾನು ನೋಡಬೇಡವೇ? ಅಜ್ಜಿ ಮೊಣಕೈಯಿಂದ ನನ್ನನ್ನು ತಡೆದಳು. "ನೀನೆಲ್ಲಿಗೆ? ನೀನು ಹೋದ್ರೆ ಇಲ್ಲಿ ಯಾರು?" ಅಂದವಳು, ತನ್ನ ಕೈಯಲ್ಲಿದ್ದ ಹುಳಗಳನ್ನು ಒಂದೊಂದಾಗಿ ನನ್ನ ಅಂಗೈಗೆ ಬಿಟ್ಟಳು. "ನಾನು ಬರೋ ತನ್ಕ ಹುಳುಮನೆ ನಿಂದು," ಎಂದು ಹೇಳಿ, ಹಣ್ಣು ಹುಳ ಇರುವಾಗ ಯಾವತ್ತೂ ದಾಟದ ಆ ಹೊಸಿಲನ್ನು ದಾಟಿ ಕೊಟ್ಟಿಗೆಗೆ ಹೋದಳು.

ಹೀಗೆ, ನನ್ನ ನೌಕರಿಯಲ್ಲಿ ನಾನು ಅತ್ಯಂತ ಹೆಚ್ಚು ಕಾದಿದ್ದ ಹಸು ಎದ್ದು ನಿಂತದ್ದನ್ನು ನಾನು ನೋಡಲಿಲ್ಲ. ಗೋಡೆಯ ಈಚೆ, ಇನ್ನೊಬ್ಬರ ಸೀರೆ ಉಟ್ಟುಕೊಂಡು, ಹುಳ ಆರಿಸುತ್ತಾ ನಿಂತಿದ್ದೆ. ಆಚೆ ಅತ್ತೆ ಸೊಸೆ ಇಬ್ಬರೂ ಅಳುತ್ತಿದ್ದರು. ನನಗೂ ಅಳು ಬಂತು. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅಜ್ಜಿ ಮತ್ತೆ ತಲೆಗೆ ನೀರು ಹುಯ್ದುಕೊಂಡು, ಒದ್ದೆ ಕೂದಲು ಗಂಟು ಹಾಕಿಕೊಂಡು ಬರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು.

"ನಿಂತಿದ್ದಾಳಾ ಅಜ್ಜಿ?"

"ನಿಂತವಳೆ. ಕಾಲು ಒಂಚೂರು ಎಳೀತಾಳೆ. ಕರು ಕುಡೀತಾ ಐತೆ." ಆಮೇಲೆ ಚಂದ್ರಿಕೆಗಳ ಕಡೆ ನೋಡಿ, "ನೀನೆಷ್ಟು ಹುಳ ಕೊಂದೆ?" ಎಂದಳು.

"ಮೂರು," ಎಂದೆ. ಏಳಾಗಿತ್ತು. ಸೊಪ್ಪಿನ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಅವಳು ಬಗ್ಗಿ, ಸೊಪ್ಪು ಎತ್ತಿ, ಏಳನ್ನೂ ಹೆಕ್ಕಿ ಹೊರಗೆ ಹಾಕಿದಳು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಪುಸ್ತಕ ತೆಗೆದು ಕೂತೆ. ಯಜಮಾನರ ಹೆಸರು ಎಂಬಲ್ಲಿ ಮಗನ ಹೆಸರಿತ್ತು. ಅದನ್ನು ಹೊಡೆದುಹಾಕಿ ಸೊಸೆಯ ಹೆಸರು ಬರೆದೆ. ಚಿಕಿತ್ಸೆ ಎಂಬಲ್ಲಿ ಕ್ಯಾಲ್ಸಿಯಂ, ಬಾಟಲಿ ಎರಡು ಅಂತಿತ್ತು. ಫಲಿತಾಂಶ ಎಂಬಲ್ಲಿ ಗುಣಮುಖ ಎಂದು ಬರೆದೆ. ಬಾಟಲಿ ಕೊಟ್ಟರು, ಹಸು ಎದ್ದಿತು. ಓದುವವರಿಗೆ ಇಷ್ಟೇ ಕಾಣುತ್ತದೆ. ಹೊರಳಿಸಿದ್ದಕ್ಕೆ ಕಾಲಂ ಇಲ್ಲ. ಪುಟದ ಅಂಚಿನಲ್ಲಿ ಒಂದು ಬೆರಳಗಲ ಜಾಗವಿತ್ತು. ಅಲ್ಲಿ ಎಡಕ್ಕೊಂದು ಗೆರೆ ಎಳೆದೆ, ಬಲಕ್ಕೊಂದು ಗೆರೆ ಎಳೆದೆ. ಕೊಟ್ಟಿಗೆಯ ಗೋಡೆಯ ಮೇಲೆ ಎಷ್ಟಿದ್ದವೋ ಅಷ್ಟನ್ನೂ ನೆನಪು ಮಾಡಿಕೊಂಡು ಎಳೆಯುತ್ತಾ ಹೋದೆ.

ಡಾಕ್ಟರು ಸಹಿ ಹಾಕಲು ಬಂದವರು ಕನ್ನಡಕ ಏರಿಸಿ ನೋಡಿದರು. "ಇದೇನಮ್ಮ ಇದು?"

"ಪೆನ್ನು ಬರೀತಿರ್ಲಿಲ್ಲ ಸಾರ್," ಎಂದೆ. "ಗೀಚಿ ನೋಡಿದೆ."